ಬೆಳ್ಯಪ್ಪಣ್ಣನ ಅಳತೆ

ಐವರ್ನಾಡಿನಲ್ಲಿ ಈಗ ಎಲ್ಲಿ ಹೋದರೂ ರಬ್ಬರಿನ ವಾಸನೆ. ಬಟ್ಟೆ ಒಣಗಿಸಿದ ಹಾಗೆ ಅಂಗಳದ ಹಗ್ಗದ ಮೇಲೆ ರಬ್ಬರ್ ಶೀಟುಗಳನ್ನು ನೇತು ಹಾಕಿರುತ್ತಾರೆ. ಕಳೆದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆ ಹೋದಾಗ ನನ್ನ ಮಗಳು ಕಾರಿನಿಂದ ಇಳಿಯುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ಆ ವಾಸನೆ ಬಂದರೆ ನನಗೆ ನೆನಪಾಗುವುದು ತೋಟವಲ್ಲ, ಬ್ಲಾಡರ್. ಹಿಂದಿನ ಕಾಲದ ವಾಲಿಬಾಲಿನ ಚರ್ಮದ ಒಳಗೆ ಒಂದು ರಬ್ಬರ್ ಚೀಲ ಇರುತ್ತಿತ್ತು. ಪಂಪು ಇಲ್ಲದ ನಾವು ಅದನ್ನು ಬಾಯಿಯಿಂದಲೇ ಊದುತ್ತಿದ್ದೆವು. ಊದಿ ಊದಿ ಕಣ್ಣು ಹೊರಗೆ ಬರುತ್ತಿತ್ತು. ರಾತ್ರಿ ಗಂಜಿ ಉಣ್ಣುವಾಗಲೂ ಬಾಯಲ್ಲಿ ಅದೇ ರುಚಿ.

ಅರವತ್ತರ ದಶಕದ ಆರಂಭದ ಮಾತು. ಸುಳ್ಯ, ಕಡಬ ಎಲ್ಲ ಆಗ ಪುತ್ತೂರು ತಾಲೂಕಿಗೇ ಸೇರಿದ್ದವು. ನನಗೆ ಆಗಷ್ಟೇ ಮೀಸೆ ಬಂದಿತ್ತು, ಬುದ್ಧಿ ಇನ್ನೂ ಬಂದಿರಲಿಲ್ಲ. ಆ ಒಂದು ಬೇಸಿಗೆಯಲ್ಲಿ ನಾನು ಐವರ್ನಾಡಿನ ಗದ್ದೆಯಿಂದ ಸುಳ್ಯಕ್ಕೆ, ಸುಳ್ಯದಿಂದ ಪುತ್ತೂರಿಗೆ ಚೆಂಡು ಹೊಡೆಯುತ್ತಲೇ ಹತ್ತಿ ಹೋದೆ. ಇಳಿದದ್ದೂ ಅದೇ ಬೇಸಿಗೆಯಲ್ಲಿ.

ನಮ್ಮ ಊರಿಗೆ ವಾಲಿಬಾಲ್ ತಂದವರು ಮಡಿಕೇರಿ ಕಡೆ ಕೆಲಸಕ್ಕೆ ಹೋಗಿ ಬಂದ ಯಾರೋ ಒಬ್ಬರು. ಅವರು ಚೆಂಡು ತಂದರು, ಆಟ ಹೇಳಿಕೊಟ್ಟರು, ಹೊರಟು ಹೋದರು. ನೆಟ್ ಎಷ್ಟು ಎತ್ತರ ಕಟ್ಟಬೇಕು ಎಂಬುದಕ್ಕೆ ಅವರು ಹೇಳಿದ್ದು ಇಷ್ಟೇ: ಎಂಥ ಉದ್ದದ ಮನುಷ್ಯನೂ ನಿಂತಲ್ಲಿಂದ ಕೈ ಎತ್ತಿದರೆ ಸಿಗಬಾರದು. ನಮ್ಮೂರಿನಲ್ಲಿ ಎಲ್ಲರಿಗಿಂತ ಉದ್ದದವರು ಬೆಳ್ಯಪ್ಪಣ್ಣ. ಮುಳಿಹುಲ್ಲಿನ ಮಾಡು ಹೊದೆಸಲು ಅವರಿಗೆ ಏಣಿಯೇ ಬೇಡವೆಂದು ಜನ ತಮಾಷೆ ಮಾಡುತ್ತಿದ್ದರು. ಅವರನ್ನು ಗದ್ದೆಯ ಬದಿಯ ಹಲಸಿನ ಮರಕ್ಕೆ ಒರಗಿಸಿ ನಿಲ್ಲಿಸಿ ಕೈ ಎತ್ತಿಸಿದೆವು. ಬೆರಳ ತುದಿಗೆ ಗುರುತು ಮಾಡಿದೆವು. "ಒಂದು ಗೇಣು ಮೇಲೆಯೇ ಇರ್ಲಿ ಮಾರಾಯ, ಹಗ್ಗ ಜೋತು ಬೀಳ್ತದೆ" ಎಂದು ಬೆಳ್ಯಪ್ಪಣ್ಣನೇ ಹೇಳಿದರು. ಅಲ್ಲಿ ಒಂದು ಕಬ್ಬಿಣದ ಕೊಕ್ಕೆ ಹೊಡೆದೆವು. ಆಚೆ ಬದಿಗೆ ಅದೇ ಎತ್ತರಕ್ಕೆ ಒಂದು ಕಂಬ ಹುಗಿದೆವು. ತೆಂಗಿನ ನಾರಿನ ಹಗ್ಗದಲ್ಲಿ ನಾವೇ ಹೆಣೆದ ನೆಟ್ಟು. ಸುಗ್ಗಿ ಕೊಯ್ಲು ಆದ ಮೇಲೆ ಗದ್ದೆಯನ್ನು ಗುದ್ದಿ ಗಟ್ಟಿ ಮಾಡಿ, ಸೆಗಣಿ ಸಾರಿಸಿ ಆಡುವುದು. ಬಿದ್ದರೆ ಮೊಣಕಾಲಿನ ಚರ್ಮ ಹೋಗುತ್ತಿತ್ತು, ಆದರೆ ಸೆಗಣಿಯ ಪರಿಮಳ ಮೈಗೆ ಹತ್ತುತ್ತಿತ್ತು.

ನೆಟ್ಟಿನ ಹತ್ತಿರ ನಿಂತು ಚೆಂಡು ಎತ್ತಿಕೊಡುವವನು ಚೆನ್ನಪ್ಪ. ಹಾರಿ ಹೊಡೆಯುವವನು ನಾನು. ಚೆನ್ನಪ್ಪ ನನಗಿಂತ ಗಿಡ್ಡ, ಮಾತು ಕಡಿಮೆ, ಕೈ ಮಾತ್ರ ಹತ್ತಿಯ ಹಾಗೆ. ಅವನು ಎತ್ತಿದ ಚೆಂಡು ತಿರುಗುತ್ತಲೇ ಇರಲಿಲ್ಲ. ಮೇಲೆ ಹೋಗಿ ಒಂದು ಕ್ಷಣ ನಿಂತು, ಬಾ ಹೊಡಿ ಎಂದು ಕರೆಯುತ್ತಿತ್ತು. "ಮೇಲೆ ಚೆನ್ನಪ್ಪ, ಇನ್ನೂ ಮೇಲೆ!" ಎಂದು ನಾನು ಕೂಗುವುದು, ಅವನು ಎತ್ತುವುದು. ಅಷ್ಟು ಎತ್ತರದ ನೆಟ್ಟಿಗೆ ಚೆಂಡು ಅಷ್ಟು ಮೇಲೆ ಹೋಗದಿದ್ದರೆ ಹೊಡೆಯಲಿಕ್ಕೆ ಆಗುತ್ತಲೇ ಇರಲಿಲ್ಲ. ವಾಲಿಬಾಲ್ ಎಂದರೆ ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿದಿದ್ದೆವು.

ಆ ವರ್ಷ ಸುಳ್ಯದವರು ನಮ್ಮನ್ನು ಮ್ಯಾಚಿಗೆ ಕರೆದರು. ಗೆದ್ದವರಿಗೆ ಒಂದು ಕದಳಿ ಬಾಳೆಗೊನೆ. ಅಂಕಣಕ್ಕೆ ಇಳಿದ ಕೂಡಲೇ ಬೆಳ್ಯಪ್ಪಣ್ಣ ಹೇಳಿದರು: "ನಿಮ್ಮ ನೆಟ್ ಜೋತು ಬಿದ್ದಿದೆ ಮಾರಾಯ್ರೆ, ಸ್ವಲ್ಪ ಎಳೆದು ಕಟ್ಟಿ."

ಸುಳ್ಯದ ಡ್ರಿಲ್ ಮೇಷ್ಟ್ರು ನೆಟ್ ನೋಡಿದರು, ನಮ್ಮನ್ನು ನೋಡಿದರು. "ಸರಿಯಾಗಿಯೇ ಉಂಟಲ್ಲ?"

"ಎಂತ ಸರಿ? ದನ ಹಾರ್ಲಿಕ್ಕೆ ಸಾಕು."

ಮೇಷ್ಟ್ರು ಟೇಪು ತಂದು ಅಳೆದು ತೋರಿಸಿದರು. ಪುಸ್ತಕದಲ್ಲಿ ಇದ್ದಷ್ಟೇ ಎತ್ತರ. ನಮ್ಮ ನೆಟ್ ಅದಕ್ಕಿಂತ ಒಂದು ಗೇಣು ಮೇಲೆ. ನಾವು ಆರೂ ಜನ ಬಾಯಿ ಬಿಟ್ಟು ನಿಂತೆವು. ಆಮೇಲೆ ಆಟ ಶುರುವಾಯಿತು. ಅಬ್ಬಾ, ಆ ದಿನ! ಚೆನ್ನಪ್ಪ ಎತ್ತಿದ ಒಂದೊಂದು ಚೆಂಡನ್ನೂ ನಾನು ನೆಟ್ಟಿನ ಮೇಲಿಂದ ನೆಲಕ್ಕೆ ನೇರ ಇಳಿಸಿದೆ. ತಡೆಯಲು ಹಾರಿದವರ ಕೈ ನನ್ನ ಮೊಣಕೈ ಹತ್ತಿರ ಕಾಣುತ್ತಿತ್ತು. ಬಾಳೆಗೊನೆ ಹೊತ್ತುಕೊಂಡು ಊರಿಗೆ ನಡೆದೆವು, ದಾರಿಯಲ್ಲಿ ಹಣ್ಣಾದದ್ದನ್ನು ಕಿತ್ತು ತಿನ್ನುತ್ತಾ.

ಮರುದಿನ ನಾನು, "ಬೆಳ್ಯಪ್ಪಣ್ಣ, ನಮ್ಮ ನೆಟ್ಟನ್ನೂ ಇಳಿಸುವ ಅಲ್ವಾ?" ಎಂದೆ.

"ಎಂತಕ್ಕೆ? ಅವರು ಗಿಡ್ಡ ಜನ, ತಗ್ಗಿಸಿ ಕಟ್ಟಿದ್ದಾರೆ. ಪುಸ್ತಕ ಬರೆದವ ಬೆಳ್ಯಪ್ಪನನ್ನು ನೋಡಿದ್ದಾನಾ?"

ನೆಟ್ ಇಳಿಯಲಿಲ್ಲ.

ವಾರದೊಳಗೆ ಸುಳ್ಯದ ಮೇಷ್ಟ್ರು ನನ್ನನ್ನು ತಮ್ಮ ತಂಡಕ್ಕೆ ಕೇಳಿಕೊಂಡು ಬಂದರು. ನನ್ನನ್ನು ಮಾತ್ರ. ಹೊಡೆಯುವವನೇ ಎಲ್ಲರ ಕಣ್ಣಿಗೆ ಬೀಳುವುದು. ನಾನು ಚೆನ್ನಪ್ಪನ ಮುಖ ನೋಡಿದೆ. ಅವನು ನಕ್ಕ. "ಹೋಗು ಕುಶಾಲ. ಮೊದ್ಲು ನೀನು ಹೋಗು, ಮತ್ತೆ ನನ್ನನ್ನು ಎಳ್ಕೊ."

ಸುಳ್ಯದ ತಂಡದ ಜೊತೆ ಬೆಳ್ಳಾರೆ, ಪಂಜ, ರಾಮಕುಂಜ ಎಂದು ಸುತ್ತಿದೆ. ಸುಳ್ಯದಲ್ಲಿ ಎತ್ತಿಕೊಡುತ್ತಿದ್ದವರು ವಯಸ್ಸಾದ ಒಬ್ಬ ಮೇಷ್ಟ್ರು. ಅವರದ್ದು ನಿಧಾನದ ಆಟ, ಚೆಂಡು ಸುಮಾರು ಮೇಲೆಯೇ ಬರುತ್ತಿತ್ತು, ಹಾಗಾಗಿ ನನ್ನ ಬಣ್ಣ ಹೊರಬೀಳಲಿಲ್ಲ. ರಾಮಕುಂಜದ ಮ್ಯಾಚು ನೋಡಲು ಪುತ್ತೂರಿನ ಒಂದು ಬಸ್ ಕಂಪನಿಯ ಮ್ಯಾನೇಜರ್ ಶೆಟ್ರು ಬಂದಿದ್ದರು. ಬಿಳಿ ಪಂಚೆ, ಬಾಯಿ ತುಂಬ ಎಲೆ ಅಡಿಕೆ. ಕಂಪನಿಗೆ ತನ್ನದೇ ತಂಡ ಇತ್ತು. ಅದರಲ್ಲಿ ಆಡಿದವನಿಗೆ ಖಾಕಿ ಅಂಗಿ, ಖಾಯಂ ಕೆಲಸ, ಮಂಗಳೂರಿನ ಜಿಲ್ಲಾ ಪಂದ್ಯಕ್ಕೆ ಹೋಗುವ ಅವಕಾಶ. ಶೆಟ್ರು ಎಲೆಯ ರಸ ಉಗುಳಿ ನನ್ನನ್ನು ಕರೆದರು.

"ಏಯ್, ನಿನ್ನ ಕಾಲಿಗೆ ಸ್ಪ್ರಿಂಗ್ ಕಟ್ಟಿದ್ದಾರಾ? ಪುತ್ತೂರಿಗೆ ಬಾ. ಪತ್ತನಾಜೆವರೆಗೆ ನೋಡುವ. ಒಂದು ಜಾಗ ಉಂಟು. ಸರಿ ಕಂಡರೆ ಖಾಯಂ."

ಪತ್ತನಾಜೆ ಎಂದರೆ ಮಳೆಗಾಲದ ಹೊಸ್ತಿಲು. ಆ ದಿನದ ಮೇಲೆ ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ನಾವು ನೆಟ್ ಬಿಚ್ಚುತ್ತೇವೆ. ಅಷ್ಟರೊಳಗೆ ಆ ಜಾಗ ನನ್ನದಾಗಬೇಕಿತ್ತು. ಆಗಿಯೇ ಆಗುತ್ತದೆ ಎಂಬ ಅಹಂಕಾರವೂ ಇತ್ತು ಅನ್ನಿ.

ಪುತ್ತೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಕೊಟ್ಟರು. ಹಗಲು ಬಸ್ಸಿನ ಮೇಲೆ ಸಾಮಾನು ಹತ್ತಿಸುವುದು, ಇಳಿಸುವುದು. ಸಂಜೆ ಆಟ. ಸುಣ್ಣದ ಗೆರೆ ಹಾಕಿದ ಅಂಕಣ, ಪೇಟೆಯಿಂದ ತಂದ ಬಿಳಿ ನೆಟ್ಟು. ಕೋಣೆಯ ಉಳಿದವರೆಲ್ಲ ತುಳುವಿನವರು. ನನಗೆ ತುಳು ಬರುತ್ತಿತ್ತು, ಆದರೆ ಅವರ ತಮಾಷೆ ಬರುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಪುತ್ತೂರಿನ ಆ ಕೋಣೆಯಲ್ಲಿ ಆ ಭಾಷೆಯ ಒಂದು ಶಬ್ದ ಕೇಳಲೂ ಜನ ಇರಲಿಲ್ಲ. ಆದಿತ್ಯವಾರ ರಜೆ. ಉಳಿದವರು ತಮ್ಮ ತಮ್ಮ ಮನೆಗೆ ಹೋದರೆ ನಾನು ಸುಳ್ಯದ ಬಸ್ಸಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಎಲ್ಲಿಗೂ ಹೋಗಲಿಕ್ಕಲ್ಲ. ಬಸ್ ಹತ್ತುವ ನಮ್ಮ ಕಡೆಯ ಹೆಂಗಸರು ಮಕ್ಕಳನ್ನು ಬೈಯುವುದು ಕೇಳಲಿಕ್ಕೆ. ಒಮ್ಮೆ ಒಬ್ಬಳು ಅಜ್ಜಿ ನನ್ನನ್ನು ಪೋರ್ಟರ್ ಎಂದುಕೊಂಡು ಗೋಣಿ ಕೊಟ್ಟಳು. ನಾನು ಮೇಲೆ ಹತ್ತಿಸಿ ಕೊಟ್ಟೆ. ಅವಳು ಅರೆಭಾಷೆಯಲ್ಲಿ ಹರಸಿದಳು. ಬಸ್ ಹೋದ ಮೇಲೆ ಅಲ್ಲಿಯೇ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ, ಇಷ್ಟು ದೊಡ್ಡ ಗಂಡಸು.

ಆಟದಲ್ಲಾದರೂ ಸುಖ ಇತ್ತೇ ಎಂದರೆ ಅದೂ ಇಲ್ಲ. ಪುತ್ತೂರಿನವರದ್ದು ಚುರುಕಿನ ಆಟ. ಚೆಂಡನ್ನು ನೆಟ್ಟಿಗಿಂತ ಒಂದಿಷ್ಟೇ ಮೇಲೆ ಎತ್ತುವುದು, ಎದುರಿನವರು ಕಣ್ಣು ಮಿಟುಕಿಸುವುದರೊಳಗೆ ಹೊಡೆಯುವುದು. ನನಗೋ, ಬೆಳ್ಯಪ್ಪಣ್ಣನ ಕೈಗಿಂತ ಒಂದು ಗೇಣು ಮೇಲೆ ಹೋಗಿ ಕಾದು ಅಭ್ಯಾಸ. ನಾನು ಹಾರುತ್ತಿದ್ದೆ, ಮೇಲೆ ಹೋಗುತ್ತಿದ್ದೆ, ಕೈ ಬೀಸಿಕೊಂಡು ಕಾಯುತ್ತಿದ್ದೆ. ಚೆಂಡು ನನ್ನ ಕಂಕುಳ ಕೆಳಗೆ ದಾಟಿ ಹೋಗುತ್ತಿತ್ತು. "ಮೇಲೆ, ಇನ್ನೂ ಮೇಲೆ" ಎಂದು ಕೂಗಿದರೆ ಎಲ್ಲರೂ ನಗುತ್ತಿದ್ದರು.

"ನೀನು ಮೇಲೆ ಎಂತ ಮಾಡ್ತಾ ಇದ್ದಿ ಮಾರಾಯ?" ಎಂದು ಶೆಟ್ರು ಕೇಳಿದರು. "ಅಲ್ಲಿಂದ ನಿನ್ನ ಊರು ಕಾಣ್ತದಾ?"

ಎಲ್ಲರ ಜೊತೆ ನಾನೂ ನಕ್ಕೆ. ಆ ತಮಾಷೆ ಮಾತ್ರ ನನಗೆ ಅರ್ಥವಾಗಿತ್ತು.

ಕಲಿಯಲು ನೋಡದೆ ಇರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಒಬ್ಬನೇ ಗೋಡೆಗೆ ಚೆಂಡು ಹೊಡೆದು, ಕಡಿಮೆ ಹಾರು, ಬೇಗ ಹೊಡಿ ಎಂದು ನನಗೆ ನಾನೇ ಹೇಳಿಕೊಂಡೆ. ತಲೆಗೆ ಹೋಯಿತು, ಕಾಲಿಗೆ ಹೋಗಲಿಲ್ಲ. ಕಾಲು ಐವರ್ನಾಡಿನಲ್ಲಿಯೇ ಉಳಿದಿತ್ತು. ಆಮೇಲಾಮೇಲೆ ಶೆಟ್ರು ನನ್ನನ್ನು ಹೊರಗೆ ಕೂರಿಸಿದರು. ಬೆಂಚಿನಲ್ಲಿ ಕೂತವನ ಹತ್ತಿರ ಯಾರೂ ಮಾತಾಡುವುದಿಲ್ಲ, ಅದು ಯಾವ ಊರಿನಲ್ಲಿಯೂ ಅಷ್ಟೇ. ಮಾವಿನ ಮಿಡಿ ಹಣ್ಣಾಗುತ್ತಾ ಬಂತು, ಸೆಕೆಗೆ ಕೋಣೆಯ ಹಂಚು ಕಾದು ಕೆಂಡವಾಗುತ್ತಿತ್ತು. ಪತ್ತನಾಜೆ ಹತ್ತಿರ ಬರುತ್ತಿತ್ತು. ಖಾಯಂ ಆಗದೆ ಊರಿಗೆ ಹೋದರೆ ಬೆಳ್ಯಪ್ಪಣ್ಣನಿಗೆ ಮುಖ ತೋರಿಸುವುದು ಹೇಗೆ? ಅವರು ಅಷ್ಟರಲ್ಲಿ ಇಡೀ ಊರಿಗೆ ಸಾರಿಯಾಗಿತ್ತು, ನಮ್ಮ ನೆಟ್ಟಿನಲ್ಲಿ ಆಡಿದವ ಪುತ್ತೂರಿನಲ್ಲಿ ಮರ ಹಾರುತ್ತಿದ್ದಾನೆ ಎಂದು.

ಕೊನೆಗೆ ಒಂದು ದಿನ ಧೈರ್ಯ ಮಾಡಿ ಶೆಟ್ರ ಮೇಜಿನ ಎದುರು ನಿಂತೆ.

"ಶೆಟ್ರೆ, ಊರಿನಲ್ಲಿ ನನಗೆ ಎತ್ತಿಕೊಡುವವ ಒಬ್ಬ ಇದ್ದಾನೆ. ಅವ ಎತ್ತಿದರೆ ನಾನು ಬಿಡುದಿಲ್ಲ. ಒಂದು ಮ್ಯಾಚಿಗೆ ಕರೆಸಿ."

"ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ."

"ಒಂದೇ ಒಂದು ಮ್ಯಾಚ್ ಶೆಟ್ರೆ. ಆಮೇಲೆ ನೀವು ಹೇಳಿದ್ದು."

ಶೆಟ್ರು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರು. "ಕಡಬದಲ್ಲಿ ಪತ್ತನಾಜೆ ಮ್ಯಾಚ್ ಉಂಟಲ್ಲ, ಅಲ್ಲಿಗೆ ಬರ್ಲಿ. ನಮ್ಮ ಎತ್ತುವವನಿಗೂ ಕೈ ಉಳುಕಿದೆ."

ಸುಳ್ಯದ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳುಹಿಸಿದೆ. ಚೆನ್ನಪ್ಪ ಪಂಜದಿಂದ ಜೀಪಿನ ಹಿಂದೆ ನೇತಾಡಿಕೊಂಡು ಕಡಬಕ್ಕೆ ಬಂದ. ಕೈಯಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ, ಅವನ ಅಮ್ಮ ನನಗೆಂದು ಕಟ್ಟಿದ್ದು. ನನ್ನನ್ನು ನೋಡಿದ್ದೇ "ಎಂತ ಕುಶಾಲ, ಬತ್ತಿ ಹೋಗಿದ್ದಿ? ಅಲ್ಲಿ ಗಂಜಿ ಸಿಗುದಿಲ್ವಾ?" ಎಂದ, ಅರೆಭಾಷೆಯಲ್ಲಿ. ಆಹಾ! ಅಷ್ಟು ತಿಂಗಳ ಬಾಯಾರಿಕೆಗೆ ಯಾರೋ ಬೆಲ್ಲ ನೀರು ಕೊಟ್ಟ ಹಾಗಾಯಿತು.

ಕಡಬದ ಮೈದಾನದ ಸುತ್ತ ಜನ ಒತ್ತಿ ನಿಂತಿದ್ದರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಗಾಳಿಯೇ ಇಲ್ಲ. ಮೊದಲ ಗೇಮಿನಲ್ಲಿ ನಾನು ಕೂಗುವ ಮೊದಲೇ ಚೆನ್ನಪ್ಪ ಚೆಂಡು ಎತ್ತಿದ. ಅದು ಹೋಯಿತು, ಹೋಯಿತು, ನಮ್ಮ ಹಲಸಿನ ಮರದ ಕೊಕ್ಕೆಯ ಎತ್ತರಕ್ಕೆ ಹೋಗಿ ನಿಂತಿತು. ನಾನು ಹಾರಿದೆ. ಆ ಹೊಡೆತದ ಸದ್ದು ಈಗಲೂ ಕೈಯಲ್ಲಿ ಉಂಟು. ಆಮೇಲೆ ನಿಲ್ಲಿಸಿದವರು ಯಾರು? ಹೊಡೆದೆ, ಹೊಡೆದೆ, ಹೊಡೆದೆ. "ಐವರ್ನಾಡು, ಐವರ್ನಾಡು" ಎಂದು ಜನ ಕೂಗಿದರು. ಶೆಟ್ರು ಎಲೆ ಜಗಿಯುವುದನ್ನೇ ಮರೆತರು. ಜಾಗ ಸಿಕ್ಕಿತು ಎಂದು ನಾನು ನಿಶ್ಚಯಿಸಿಬಿಟ್ಟೆ. ಖಾಕಿ ಅಂಗಿ ಹಾಕಿಕೊಂಡ ಹಾಗೇ ಆಗಿತ್ತು ಮೈಗೆ.

ಎರಡನೆಯ ಗೇಮಿನಲ್ಲಿ ಎದುರಿನವರಿಗೆ ನನ್ನ ಲೆಕ್ಕ ಸಿಕ್ಕಿತು. ಚೆಂಡು ಅಷ್ಟು ಮೇಲೆ ಹೋಗಿ ಬರುವಷ್ಟರಲ್ಲಿ ಅವರ ಮೂವರು ಸಾವಕಾಶವಾಗಿ ಬಂದು ನನ್ನೆದುರು ಗೋಡೆ ಕಟ್ಟಿ ನಿಂತರು. ನನ್ನ ಹೊಡೆತ ಅವರ ಕೈಗೆ ಬಡಿದು ನನ್ನ ಕಾಲಿಗೇ ಬೀಳತೊಡಗಿತು. ಒಂದರ ಮೇಲೊಂದು ಪಾಯಿಂಟ್ ಹೋಯಿತು. ಆಗ ಚೆನ್ನಪ್ಪ ಒಮ್ಮೆ ನನ್ನ ಕಡೆ ನೋಡಿದ. ನಾನು ಓಡಿ ಬಂದು ಹಾರಿದೆ. ಮೂವರೂ ನನ್ನ ಜೊತೆ ಹಾರಿದರು. ಅವನು ಚೆಂಡನ್ನು ನನಗೆ ಎತ್ತಲಿಲ್ಲ. ಬೆನ್ನ ಹಿಂದೆ, ನೆಟ್ಟಿಗಿಂತ ಒಂದಿಷ್ಟೇ ಮೇಲೆ, ಪುತ್ತೂರಿನ ಹುಡುಗನಿಗೆ ಕೊಟ್ಟ. ಅವನು ಖಾಲಿ ಅಂಕಣಕ್ಕೆ ಹೊಡೆದ. ಅದನ್ನು ಚೆನ್ನಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರ್ಧ ಮ್ಯಾಚು ನೋಡಿಯೇ ಕಲಿತಿದ್ದ. ಮೇಲೆ ಬೇಕೆಂದವನಿಗೆ ಮೇಲೆ, ಕೆಳಗೆ ಬೇಕೆಂದವನಿಗೆ ಕೆಳಗೆ. ನಾನು ಹಾರುತ್ತಲೇ ಇದ್ದೆ, ಎದುರಿನವರನ್ನು ಎಳೆದುಕೊಂಡು. ಚೆಂಡು ಬೇರೆಯವರಿಗೆ ಹೋಗುತ್ತಿತ್ತು. ಮ್ಯಾಚು ಗೆದ್ದೆವು.

ಮಳೆಯ ಮೊದಲ ಹನಿ ಬೀಳುವಾಗ ಶೆಟ್ರು ನನ್ನನ್ನು ಬದಿಗೆ ಕರೆದರು.

"ನೀನು ಹೇಳಿದ್ದು ಸತ್ಯ, ಕುಶಾಲಪ್ಪ. ಆದ್ರೆ ಹೊಡೆಯುವವರು ನನಗೆ ಗಲ್ಲಿಗೊಬ್ಬ ಸಿಗ್ತಾರೆ. ಇಂಥ ಕೈ ಎಲ್ಲಿ ಸಿಗುದು? ಜಾಗ ಒಂದೇ ಉಂಟು ಮಾರಾಯ. ಅವನಿಗೆ ನೀನೇ ಹೇಳ್ತಿಯಾ?"

ಸಿಟ್ಟು ಬಂತು ನೋಡಿ, ಹೇಳಿ ಸುಖವಿಲ್ಲ. ಕರೆಸಿದ್ದು ನಾನು! ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಆದರೆ ಶೆಟ್ರು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಸಿಗಲಿಲ್ಲ. ಅದೇ ದೊಡ್ಡ ಸಂಕಟ.

ಚೆನ್ನಪ್ಪ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತು ತಲೆ ಒರೆಸಿಕೊಳ್ಳುತ್ತಿದ್ದ. ಹೇಳಿದೆ. ಅವನು ಕೈಯಲ್ಲಿದ್ದ ಬೈರಾಸನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ನಾ ಹೋಗುದಿಲ್ಲ. ನೀನಿಲ್ಲದೆ ನಾನು ಅಲ್ಲಿ ಎಂತ ಮಾಡುದು?"

"ಹೋಗು ಚೆನ್ನಪ್ಪ. ಮೊದ್ಲು ನೀನು ಹೋಗು," ಎಂದೆ, "ಮತ್ತೆ ನನ್ನನ್ನು ಎಳ್ಕೊ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಇಬ್ಬರಿಗೂ ಗೊತ್ತಿತ್ತು. ತಂಡದವರು ಹಾರ್ನ್ ಹೊಡೆದು ಕರೆದರು. ಅವನು ಬಸ್ ಹತ್ತಿ ಕಿಟಕಿಯ ಬದಿಯಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿಯೇ ಕೂತ. ನಾನು ಅವನು ಬಂದಿದ್ದ ಜೀಪನ್ನೇ ಹತ್ತಿ ಪಂಜಕ್ಕೆ ಬಂದೆ, ಅಲ್ಲಿಂದ ಮಳೆಯಲ್ಲಿಯೇ ನಡೆದೆ. ಹಪ್ಪಳದ ಕಟ್ಟು ಅಂಗಿಯೊಳಗೆ ಇತ್ತು. ಊರು ಮುಟ್ಟುವಾಗ ಅದು ನೆನೆದು ಹಿಟ್ಟಾಗಿತ್ತು.

ಚೆನ್ನಪ್ಪ ಮುಂದೆ ಮಂಗಳೂರಿಗೆ ಹೋದ, ಜಿಲ್ಲೆಗೆ ಆಡಿದ, ಅಲ್ಲಿಂದಲೂ ಮೇಲೆ ಹೋದ. ಮೊದಲ ದೀಪಾವಳಿಗೆ ಖಾಕಿ ಅಂಗಿಯಲ್ಲಿ ಬಂದು, ಹೊಸ ಬಿಳಿ ನೆಟ್ಟು ತಂದು ಕೊಟ್ಟ, ಅಳತೆಯ ಟೇಪು ಸಮೇತ. ಬೆಳ್ಯಪ್ಪಣ್ಣ ನೆಟ್ಟು ತೆಗೆದುಕೊಂಡರು, ಟೇಪು ವಾಪಸು ಕೊಟ್ಟರು. "ಕೊಕ್ಕೆ ಇದ್ದಲ್ಲೇ ಇರ್ಲಿ. ಈ ಎತ್ತರದಲ್ಲಿ ಆಡಿಯೇ ಅಲ್ವಾ ನೀನು ದೊಡ್ಡ ಜನ ಆದದ್ದು?" ಆ ಸಂಜೆ ಅವನು ನನಗೆ ಎತ್ತಿಕೊಟ್ಟ, ಮೊದಲಿನ ಹಾಗೆಯೇ. ನಾನು ಹೊಡೆದೆ. ಇಬ್ಬರೂ ನಕ್ಕೆವು. "ಶೆಟ್ರ ಹತ್ರ ಕೇಳಿದ್ದೇನೆ," ಎಂದ, "ನೋಡುವ ಅಂದಿದ್ದಾರೆ." ನಮ್ಮ ಕಡೆ ದೊಡ್ಡವರು ನೋಡುವ ಎಂದರೆ ಮತ್ತೆ ಕೇಳಬೇಡ ಎಂದು ತಿಳಿಯಬೇಕು. ನಾನು ಕೇಳಲಿಲ್ಲ. ಅವನು ಬರುವುದೂ ಕಡಿಮೆಯಾಯಿತು. ಊರಿನವರು ಆಡುವುದನ್ನು ಬಿಟ್ಟರು, ಗದ್ದೆಗೆ ರಬ್ಬರ್ ಬಂತು. ನಾನು ಮದುವೆಯಾದೆ, ಮಕ್ಕಳಾದರು, ಬದುಕು ಸಾಗಿತು, ದೂರುವಂಥದ್ದು ಏನೂ ಇಲ್ಲ. ಆದರೆ ನನಗೆ ಎಷ್ಟು ಎತ್ತರ ಬೇಕು ಎಂದು ಹೇಳದೆ ತಿಳಿಯುವ ಇನ್ನೊಬ್ಬ ಮನುಷ್ಯ ಈ ಜನ್ಮದಲ್ಲಿ ಸಿಗಲಿಲ್ಲ. ಹೋದ ವರ್ಷ ಮಂಗಳೂರಿನಲ್ಲಿ ಚೆನ್ನಪ್ಪ ತೀರಿಕೊಂಡ. ನನಗೆ ಸುದ್ದಿ ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

ಕಳೆದ ತಿಂಗಳ ಆ ಮದುವೆಯ ಊಟ ಮುಗಿಸಿ ನಾನು ಯಾರಿಗೂ ಹೇಳದೆ ಆ ಗದ್ದೆಯಿದ್ದ ಕಡೆಗೆ ನಡೆದೆ. ಸಾಲು ಸಾಲು ರಬ್ಬರ್ ಮರ, ಒಂದೊಂದರ ಸೊಂಟಕ್ಕೂ ಹಾಲು ಹಿಡಿಯುವ ಚಿಪ್ಪು. ಬದಿಯ ಹಲಸಿನ ಮರವನ್ನು ಪುಣ್ಯಾತ್ಮರು ಕಡಿದಿರಲಿಲ್ಲ. ಮರ ಎಷ್ಟು ಬೆಳೆದರೂ ಹೊಡೆದ ಕೊಕ್ಕೆ ಮೇಲೆ ಹೋಗುವುದಿಲ್ಲವಷ್ಟೆ. ತೊಗಟೆ ಅದನ್ನು ಹೆಚ್ಚುಕಡಿಮೆ ನುಂಗಿತ್ತು, ತುಕ್ಕು ಹಿಡಿದ ತುದಿ ಮಾತ್ರ ಕಾಣುತ್ತಿತ್ತು, ಬೆಳ್ಯಪ್ಪಣ್ಣನ ಕೈಗಿಂತ ಒಂದು ಗೇಣು ಮೇಲೆ, ಅಲ್ಲಿಯೇ. ನಾನು ಮರಕ್ಕೆ ಒರಗಿ ಕೈ ಎತ್ತಿದೆ. ಭುಜ ನೋವಾಯಿತು. ಕೊಕ್ಕೆ ತುಂಬ ದೂರ ಇತ್ತು. ಸುತ್ತ ಯಾರೂ ಇಲ್ಲವೆಂದುಕೊಂಡು, ಹಾಗೆಯೇ ಕೈ ಎತ್ತಿಕೊಂಡು, "ಮೇಲೆ ಚೆನ್ನಪ್ಪ, ಇನ್ನೂ ಮೇಲೆ" ಎಂದೆ.

ರಬ್ಬರ್ ಹಾಲು ತೆಗೆಯುವ ಹೆಂಗಸೊಬ್ಬಳು ಬಕೆಟು ಹಿಡಿದುಕೊಂಡು ಮರಗಳ ನಡುವಿನಿಂದ ಬಂದಳು. ನನ್ನನ್ನು ನೋಡಿದಳು, ಕತ್ತೆತ್ತಿ ಹಲಸಿನ ಮರದ ಕೊಂಬೆಗಳನ್ನೆಲ್ಲ ನೋಡಿದಳು.

"ಮರದಲ್ಲಿ ಯಾರಿದ್ದಾರೆ ಅಜ್ಜ?"

"ಯಾರೂ ಇಲ್ಲ ಮಾರಾಯ್ತಿ," ಎಂದೆ. ಕೈ ಇಳಿಸಿದೆ.